ಹಿಂಡಲಗಾಕ್ಕೆ ಕೂಸನ್ನು ಒಯ್ಯಬೇಕೆ?

ಜೈಲಿನಲ್ಲಿರುವ ಅಪ್ಪನನ್ನೋ ಅವ್ವನನ್ನೋ ನೋಡಲು ಕೂಸನ್ನು ಕರೆದೊಯ್ಯಬೇಕೆ ಎಂದು ಕೇಳಿದರೆ ನಮ್ಮ ಕಡೆಯ ಊರುಗಳಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ: ಬ್ಯಾಡ. ಹೂಲಿಯಂಥ ಊರಿನಿಂದ ಹೊರಟವರು ಸವದತ್ತಿಗೆ ಬಂದು, ಬೈಲಹೊಂಗಲದ ಮೇಲೆ ಬೆಳಗಾವಿ ಮುಟ್ಟಿ, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಹಿಂಡಲಗಾ ಕೇಂದ್ರ ಕಾರಾಗೃಹದ ಬಾಗಿಲಲ್ಲಿ ನಿಲ್ಲಬೇಕು. 1923ರಲ್ಲಿ ಕಟ್ಟಿದ ಆ ಜೈಲು ಈ ಭಾಗದ ಜನರಿಗೆ ಅಲ್ಲಿನ ಗಲ್ಲುಗಂಬದೊಂದಿಗೇ ನೆನಪಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ಟಿನ ಖರ್ಚು ತಪ್ಪಿದೆ, ಆ ದಿನದ ಕೂಲಿ ಹೋಗುವುದು ತಪ್ಪಿಲ್ಲ. ಆದರೆ ದೂರ, ಖರ್ಚು, ದಣಿವುಗಳನ್ನು ಜನ ಹೇಗೋ ಸಹಿಸುತ್ತಾರೆ. ಹಿರಿಯರು ತಡೆಯುವುದು ಬೇರೆ ಕಾರಣಕ್ಕೆ. ಅಪರಾಧದ ಜಾಗಕ್ಕೊಂದು ಮೈಲಿಗೆ ಇದೆ, ಎಳೆಯ ಜೀವಕ್ಕೆ ಅದು ತಟ್ಟುತ್ತದೆ ಎಂಬ ನಂಬಿಕೆ ಅದು. ದೊಡ್ಡವರು ಹೋಗಿಬಂದು ತಲೆಯ ಮೇಲೆ ನೀರು ಹೊಯ್ದುಕೊಂಡರೆ ಮುಗಿಯಿತು, ಕೂಸಿಗೆ ಹಾಗಲ್ಲ ಎಂಬ ಅಳುಕು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡುವುದಿಲ್ಲ, ಏಕೆಂದರೆ ಅದರೊಳಗೆ ಗಟ್ಟಿಯಾದ ಒಂದು ತಾತ್ವಿಕ ಪ್ರಶ್ನೆ ಇದೆ. ಹೆತ್ತವರು ಮಾಡಿದ ಪಾಪ ಮಕ್ಕಳಿಗೆ ಅಂಟುತ್ತದೆಯೇ? ಅಂಟುವುದಾದರೆ ದೂರ ಇಡುವುದೇ ಸರಿ. ಅಂಟದಿದ್ದರೆ, ದೂರ ಇಟ್ಟು ನಾವು ಮಗುವಿಗೆ ಮಾಡುತ್ತಿರುವುದೇನು?

ಧರ್ಮಗ್ರಂಥಗಳು ಈ ಪ್ರಶ್ನೆಗೆ ಒಂದೇ ಬಾಯಲ್ಲಿ ಉತ್ತರಿಸುವುದಿಲ್ಲ. ಮನುಸ್ಮೃತಿಯನ್ನೇ ತೆಗೆದುಕೊಳ್ಳಿ. ಅದನ್ನು ಪ್ರಮಾಣವೆಂದು ನಾನು ಕರೆತರುತ್ತಿಲ್ಲ, ಎದುರು ವಾದಿಸುವವರು ಮೊದಲು ನೆಚ್ಚುವುದು ಅದನ್ನೇ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ. ಅದರ ನಾಲ್ಕನೆಯ ಅಧ್ಯಾಯದಲ್ಲಿ, ಮಾಡಿದ ಅಧರ್ಮ ಮಾಡಿದವನಲ್ಲಿ ಫಲಿಸದಿದ್ದರೆ ಮಕ್ಕಳಲ್ಲಿ, ಅಲ್ಲೂ ಇಲ್ಲದಿದ್ದರೆ ಮೊಮ್ಮಕ್ಕಳಲ್ಲಿ ಫಲಿಸದೆ ಬಿಡದು ಎಂಬ ಮಾತಿದೆ. ಅದೇ ಅಧ್ಯಾಯ ಮುಂದೆ ಸಾಗಿದಂತೆ, ಜೀವಿ ಒಂಟಿಯಾಗಿ ಹುಟ್ಟಿ ಒಂಟಿಯಾಗಿ ಸಾಯುತ್ತದೆ, ಪುಣ್ಯವನ್ನೂ ಪಾಪವನ್ನೂ ಒಂಟಿಯಾಗಿಯೇ ಉಣ್ಣುತ್ತದೆ ಎನ್ನುತ್ತದೆ. ಬೈಬಲ್ಲಿನಲ್ಲೂ ಇದೇ ತಿಕ್ಕಾಟ. ವಿಮೋಚನಕಾಂಡದಲ್ಲಿ ತಂದೆಯ ದೋಷ ಮೂರು ನಾಲ್ಕು ತಲೆಮಾರು ಬೆನ್ನಟ್ಟುತ್ತದೆ. ಎಝೆಕಿಯೇಲನ ಗ್ರಂಥದ ಹದಿನೆಂಟನೆಯ ಅಧ್ಯಾಯ ಅದನ್ನು ನೇರವಾಗಿ ತಿದ್ದಿ, ಮಗ ತಂದೆಯ ಪಾಪವನ್ನು ಹೊರುವುದಿಲ್ಲ ಎಂದು ಸಾರುತ್ತದೆ. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರಲಾರ ಎಂಬುದನ್ನು ಕುರಾನ್ ಮತ್ತೆ ಮತ್ತೆ ಹೇಳುತ್ತದೆ. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹೂಲಿ ಒಂದು ಕಾಲಕ್ಕೆ ಪೂಲಿ ಎಂಬ ಹೆಸರಿನ ಮಹಾಗ್ರಹಾರ. ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿಯೂ ಸುತ್ತಲಿನ ಹಾಳುಬಿದ್ದ ಗುಡಿಗಳೂ ಅಲ್ಲಿನ ಶಾಸನಗಳೂ ಅದಕ್ಕೆ ಸಾಕ್ಷಿ. ಆ ಕಾಲದ ದಾನಶಾಸನಗಳ ಕೊನೆಗೆ ವಾಡಿಕೆಯಾಗಿ ಒಂದು ಶಾಪ ಬರುತ್ತದೆ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟಲಿ ಎಂಬ ಆ ಶಾಪ ಭೀಕರವೇ ಸರಿ, ಆದರೆ ಕಿತ್ತುಕೊಂಡವನಿಗೇ ಅದು ತಗಲುತ್ತದೆ. ಕಲ್ಲಿನಲ್ಲಿ ಶಾಪ ಕೊರೆಸುವಷ್ಟು ಸಿಟ್ಟಿದ್ದವರೂ ಹುಳುವಾಗುವವನು ಯಾರೆಂಬ ವಿಷಯದಲ್ಲಿ ಲೆಕ್ಕ ತಪ್ಪಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯೂ ಉಣ್ಣಲು ಕೂರಿಸುವುದು ಮಾಡಿದವನನ್ನೇ.

ಹಾಗಾದರೆ ಮಕ್ಕಳಲ್ಲಿ ಫಲಿಸುತ್ತದೆ ಎಂಬ ಮಾತು ಸುಳ್ಳೇ? ಸುಳ್ಳಲ್ಲ. ದೋಷ ಬೇರೆ, ಫಲ ಬೇರೆ ಎಂದು ಬಿಡಿಸಿಕೊಂಡರೆ ಎರಡು ಮಾತುಗಳೂ ಅವುಗಳ ಜಾಗದಲ್ಲಿ ನಿಲ್ಲುತ್ತವೆ. ಅಪ್ಪ ಮಾಡಿದ ತಪ್ಪಿನ ದೋಷ ಮಗುವಿನದಲ್ಲ, ಅದರ ಫಲ ಮಾತ್ರ ಮಗುವಿನ ಬಾಗಿಲಿಗೆ ಬಂದೇ ಬಂದಿರುತ್ತದೆ. ಮನೆಯ ದುಡಿಮೆ ನಿಂತಿರುತ್ತದೆ, ವಕೀಲರ ಫೀಸಿಗೆ ಹೊಲವೋ ಎಮ್ಮೆಯೋ ಕೈಬಿಟ್ಟಿರುತ್ತದೆ, ಸಾಲೆಯಲ್ಲಿ ಯಾರೋ ಆಡಿಕೊಂಡಿರುತ್ತಾರೆ. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎಂಬ ಮಾತನ್ನು ನಾವು ಬಳಸುವುದುಂಟು. ಆಡಿದವರ ಬಾಯಿಂದ ಹೊರಟದ್ದು ಹೋಗಿ ಬೀಳುವುದು ಮಗುವಿನ ಕಿವಿಗೆ ಎಂಬುದನ್ನು ಮರೆಯುತ್ತೇವೆ. ಅಂದರೆ ಜೈಲು ಆ ಮನೆಯೊಳಗೆ ಕಾಲಿಟ್ಟು ಎಷ್ಟೋ ದಿನವಾಗಿದೆ. ಹಿಂಡಲಗಾಕ್ಕೆ ಒಯ್ಯದೆ ಇದ್ದರೆ ಮಗುವಿಗೆ ಜೈಲಿನ ಸೋಂಕು ತಪ್ಪಿತು ಎನ್ನುವವರು ಫಲವೆಲ್ಲ ಮಗುವಿನ ಮೇಲೆ ಬಿದ್ದಿರುವಾಗ ಅಪ್ಪನ ಮುಖವೊಂದನ್ನು ಮಾತ್ರ ತಪ್ಪಿಸುತ್ತಿದ್ದಾರೆ.

ಮುಖ ತಪ್ಪಿಸಿದ ಮೇಲೆ ಒಂದು ಕಥೆ ಕಟ್ಟಬೇಕಾಗುತ್ತದೆ. ‘ಅಪ್ಪ ದುಡಿಯಾಕ ಗೋವಾಕ್ಕ ಹೋಗ್ಯಾನ’ ಎನ್ನುವುದು ಈ ಸೀಮೆಯಲ್ಲಿ ಯಾರೂ ಅನುಮಾನಿಸದ ಕಥೆ, ಏಕೆಂದರೆ ನಿಜಕ್ಕೂ ಹಾಗೆ ಹೋದವರು ಬಹಳ. ಇದಕ್ಕೂ ಶಾಸ್ತ್ರದ ಬೆಂಬಲ ಹುಡುಕುವವರಿದ್ದಾರೆ: ಅಪ್ರಿಯವಾದ ಸತ್ಯವನ್ನು ಹೇಳಬಾರದು ಎಂದು ಹಿರಿಯರೇ ಹೇಳಿಲ್ಲವೇ? ಹೇಳಿದ್ದಾರೆ. ಅದೂ ಮನುವಿನ ಅದೇ ನಾಲ್ಕನೆಯ ಅಧ್ಯಾಯದ ಮಾತು. ಆದರೆ ಆ ಶ್ಲೋಕ ಅಲ್ಲಿಗೆ ಮುಗಿಯುವುದಿಲ್ಲ, ಪ್ರಿಯವಾದ ಸುಳ್ಳನ್ನೂ ಆಡಬಾರದು ಎಂದು ಮುಂದುವರಿಯುತ್ತದೆ. ಅರ್ಧ ಶ್ಲೋಕದ ಮೇಲೆ ಬದುಕುವವರು ಎಲ್ಲ ಕಾಲದಲ್ಲೂ ಇದ್ದಾರೆ. ಎರಡನ್ನೂ ಒಟ್ಟಿಗೆ ಪಾಲಿಸುವುದೆಂದರೆ ಮಗುವಿನ ವಯಸ್ಸಿಗೆ ತಕ್ಕಷ್ಟು ಸತ್ಯವನ್ನು ಮೆತ್ತಗೆ ಹೇಳುವುದು. ನಾಲ್ಕು ವರ್ಷದ ಮಗುವಿಗೆ ‘ಅಪ್ಪ ಒಂದು ತಪ್ಪು ಮಾಡ್ಯಾನಂತ, ಅದಕ್ಕ ದೊಡ್ಡವರು ಅವನನ್ನ ಅಲ್ಲಿ ಇಟ್ಟಾರ’ ಎಂದರೆ ಸಾಕು, ಕಲಮುಗಳ ನಂಬರು ಬೇಕಿಲ್ಲ. ಗೋವಾದ ಕಥೆ ಒಂದು ದಿನ ಒಡೆಯುತ್ತದೆ, ಸಾಮಾನ್ಯವಾಗಿ ಜಗಳದ ಹೊತ್ತಿನಲ್ಲಿ, ಹಗೆಯವರ ಬಾಯಿಂದ. ಆಗ ಮಗುವಿಗೆ ಎರಡು ಏಟು. ಅಪ್ಪ ಜೈಲಿನಲ್ಲಿದ್ದಾನೆ ಎನ್ನುವುದು ಒಂದು, ಮನೆಯವರೆಲ್ಲ ಸೇರಿ ಸುಳ್ಳು ಹೇಳಿದರು ಎನ್ನುವುದು ಇನ್ನೊಂದು. ಎರಡನೆಯದು ವಾಸಿಯಾಗಲು ಹೆಚ್ಚು ಕಾಲ ಹಿಡಿಯುತ್ತದೆ ಎಂದು ನನ್ನ ಎಣಿಕೆ.

ತಪ್ಪಿತಸ್ಥರೆನಿಸಿಕೊಂಡ ಹೆತ್ತವರ ಜೊತೆ ಮಕ್ಕಳ ನಂಟು ಏನಾಗಬೇಕು ಎಂಬುದನ್ನು ಯೋಚಿಸಲು ಸವದತ್ತಿಯ ಗುಡ್ಡಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ರೇಣುಕೆಯ ಮನಸ್ಸು ಚಂಚಲವಾಯಿತು ಎಂಬ ಆರೋಪದ ಮೇಲೆ ಜಮದಗ್ನಿ ತೀರ್ಪು ಕೊಟ್ಟ, ಶಿಕ್ಷೆಯನ್ನು ಮಗನ ಕೈಯಿಂದಲೇ ಮಾಡಿಸಿದ. ಮಹಾಭಾರತದ ವನಪರ್ವದಲ್ಲಿ ಬರುವಂತೆ, ಹಿರಿಯ ಮಕ್ಕಳು ಒಲ್ಲೆವೆಂದು ಶಾಪ ಉಂಡರು, ಪರಶುರಾಮ ಕೊಡಲಿ ಎತ್ತಿದ. ಕಥೆಯನ್ನು ಹೇಳುವವರು ಇಲ್ಲಿಗೆ ನಿಂತು ಪಿತೃವಾಕ್ಯ ಪರಿಪಾಲನೆಯನ್ನು ಹೊಗಳುವುದು ಹೆಚ್ಚು. ನನ್ನ ಗಮನ ಹೋಗುವುದು ಆಮೇಲೆ ಅವನು ಕೇಳಿದ ವರಗಳ ಕಡೆಗೆ. ತಾಯಿ ಬದುಕಿ ಬರಲಿ, ಆದದ್ದು ಅವಳ ನೆನಪಿನಲ್ಲಿ ಉಳಿಯದಿರಲಿ, ಅಣ್ಣಂದಿರು ಮೊದಲಿನಂತಾಗಲಿ. ತೀರ್ಪು ಸರಿಯೋ ತಪ್ಪೋ ಎಂದು ಅವನು ವಾದಿಸಲಿಲ್ಲ. ತೀರ್ಪು ಜಾರಿಯಾದ ಮೇಲೂ ಅವಳು ತನಗೆ ತಾಯಿಯೇ ಎಂಬುದನ್ನಷ್ಟೇ ಬಿಟ್ಟುಕೊಡಲಿಲ್ಲ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಚಕ್ಕಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಗುಡ್ಡಕ್ಕೆ ಬರುವ ಲಕ್ಷಾಂತರ ಜನ ಎಲ್ಲಮ್ಮ ಎಂದು ಕೈಮುಗಿಯುವುದು ಶಿಕ್ಷೆಗೆ ಒಳಗಾದ ಒಬ್ಬ ತಾಯಿಗೆ. ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಬರುತ್ತಾರೆ. ಭಾಗವತದ ಹತ್ತನೆಯ ಸ್ಕಂಧದಲ್ಲೂ ಹೀಗೊಂದು ಜಾಗವಿದೆ. ಕಂಸನನ್ನು ಕೊಂದ ಕೃಷ್ಣ ತಂದೆತಾಯಿಯನ್ನು ಸೆರೆಯಿಂದ ಬಿಡಿಸಿದ ಮೇಲೆ ಅವರಿಗೆ ಹೇಳುವ ಮಾತುಗಳಲ್ಲಿ ನಷ್ಟದ ಲೆಕ್ಕ ಎರಡೂ ಕಡೆಯದು. ನಮ್ಮ ಬಾಲ್ಯ ನಿಮ್ಮ ಕಣ್ಣಿಗೆ ಬೀಳಲಿಲ್ಲ, ಹೆತ್ತವರ ಮನೆಯಲ್ಲಿ ಮುದ್ದಿಸಿಕೊಂಡು ಬೆಳೆಯುವ ಸುಖ ನಮಗೂ ಸಿಗಲಿಲ್ಲ ಎಂಬ ಭಾವ ಅದು. ಯಶೋದೆಯ ಮಡಿಲಲ್ಲಿ ಬೆಣ್ಣೆ ತಿಂದು ಬೆಳೆದ ಮಗುವಿಗೂ ಆ ಕೊರತೆ ಕೊರತೆಯೇ ಎಂದು ಭಾಗವತಕಾರ ಒಪ್ಪಿಕೊಂಡಿದ್ದಾನೆ.

ಇಲ್ಲಿ ಒಂದು ತಕರಾರು ಏಳಬೇಕು, ಏಳದಿದ್ದರೆ ಓದುವವರು ತೂಕಡಿಸುತ್ತಿದ್ದಾರೆ ಎಂದರ್ಥ. ದೇವಕಿ ನಿರಪರಾಧಿ. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಅಲ್ಲೇ ತೀರಿಕೊಂಡ ಕಿತ್ತೂರು ಚೆನ್ನಮ್ಮ ನಮಗೆ ಪೂಜ್ಯಳು. 1921ರ ಡಿಸೆಂಬರಿನಲ್ಲಿ ಮೋತಿಲಾಲ್ ನೆಹರೂ ಅವರ ವಿಚಾರಣೆ ನಡೆದಾಗ ನಾಲ್ಕು ವರ್ಷದ ಮೊಮ್ಮಗಳು ಇಂದಿರಾ ಅಜ್ಜನ ತೊಡೆಯ ಮೇಲೆ ಕೂತಿದ್ದಳೆಂದು ಹೆಮ್ಮೆಯಿಂದ ಹೇಳುತ್ತೇವೆ. ಅವರನ್ನೆಲ್ಲ ಕುಡಿದು ಬಡಿದಾಡಿ ಕೊಲೆ ಮಾಡಿದವನ ಸಾಲಿನಲ್ಲಿ ಕೂರಿಸುವುದೇ? ಕೂರಿಸುವುದಿಲ್ಲ. ಆದರೆ ಎರಡು ಸಂಗತಿಗಳನ್ನು ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದ ಪ್ರಕಾರ ದೇಶದ ಜೈಲುಗಳಲ್ಲಿರುವ ನೂರು ಮಂದಿಯಲ್ಲಿ 75ಕ್ಕೂ ಹೆಚ್ಚು ಜನ ವಿಚಾರಣಾಧೀನರು. ಜಾಮೀನಿಗೆ ದುಡ್ಡಿಲ್ಲದೆಯೋ ತಾರೀಖಿನ ಮೇಲೆ ತಾರೀಖು ಬಿದ್ದೋ ಒಳಗೆ ಉಳಿದವರು, ಕಾನೂನಿನ ಕಣ್ಣಿನಲ್ಲಿ ಇನ್ನೂ ತಪ್ಪಿತಸ್ಥರಾಗದವರು. ನಿರಪರಾಧಿಯ ಮಗು ಮಾತ್ರ ಭೇಟಿಗೆ ಹೋಗಬಹುದು ಎಂಬ ನಿಯಮ ಮಾಡಿದರೂ ಈ ಮಕ್ಕಳೆಲ್ಲ ಅದರೊಳಗೆ ಬರುತ್ತಾರೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಇಂದಿರಾ ಅಜ್ಜನ ತೊಡೆ ಏರಿದ್ದು ಅಸಹಕಾರ ಚಳವಳಿಯನ್ನು ಮೆಚ್ಚಿ ಅಲ್ಲ, ಅಜ್ಜ ಎಂಬ ಕಾರಣಕ್ಕೆ. ನಾಲ್ಕು ವರ್ಷದ ಕೂಸಿಗೆ ದೇಶಭಕ್ತನ ತೊಡೆಗೂ ಕಳ್ಳನ ತೊಡೆಗೂ ವ್ಯತ್ಯಾಸ ತಿಳಿಯದು. ವ್ಯತ್ಯಾಸ ನಮಗೆ ತಿಳಿಯುತ್ತದೆ, ಅದನ್ನು ನಾವು ಕೈದಿಯ ಮೇಲೆ ಹೊರಿಸಬೇಕೇ ಹೊರತು ಭೇಟಿಗೆ ಬಂದ ಮಗುವಿನ ಮೇಲಲ್ಲ.

ಭೇಟಿಯ ಪರವಾಗಿ ಮಾತಾಡುವವರೂ ಒಂದು ಕಡೆ ಜಾರುತ್ತಾರೆ, ಅದನ್ನೂ ಹೇಳಬೇಕು. ಮಗುವನ್ನು ಕಂಡರೆ ಕೈದಿ ಸುಧಾರಿಸುತ್ತಾನೆ ಎನ್ನುವುದು ಅವರ ಮುಖ್ಯ ವಾದ. ಅದಕ್ಕೆ ಆಧಾರವಿಲ್ಲದಿಲ್ಲ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಕಾರಾಗೃಹ ಇಲಾಖೆ 2003ರಿಂದ 2007ರ ನಡುವೆ ಬಿಡುಗಡೆಯಾದ 16,420 ಮಂದಿಯನ್ನು ಅಭ್ಯಾಸ ಮಾಡಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಭೇಟಿಗೆ ಯಾರಾದರೂ ಬರುತ್ತಿದ್ದವರು ಮತ್ತೆ ಗಂಭೀರ ಅಪರಾಧದಲ್ಲಿ ಶಿಕ್ಷೆಗೊಳಗಾಗುವ ಸಂಭವ ಶೇಕಡಾ 13ರಷ್ಟು ಕಡಿಮೆ ಎಂದು ಕಂಡುಬಂತು. ಸೆರೆಯಲ್ಲಿದ್ದೆ, ನೀವು ನನ್ನನ್ನು ನೋಡಲು ಬಂದಿರಿ ಎಂದು ಕ್ರಿಸ್ತ ಮತ್ತಾಯನ ಸುವಾರ್ತೆಯಲ್ಲಿ ಹೇಳುವುದೂ ನೋಡಹೋಗುವವರ ಪುಣ್ಯದ ಮಾತು. ದೊಡ್ಡವರು ಆ ಪುಣ್ಯ ಕಟ್ಟಿಕೊಳ್ಳಲಿ. ಆದರೆ ಮೂರು ವರ್ಷದ ಮಗುವನ್ನು ಅಪ್ಪನ ಸುಧಾರಣೆಗೆ ಕೊಡುವ ಔಷಧಿ ಮಾಡುವುದು ನನಗೆ ಒಪ್ಪಿತವಲ್ಲ. ಮನುಷ್ಯನನ್ನು ಬೇರೊಬ್ಬರ ಗುರಿಗೆ ಬರಿಯ ಸಾಧನವಾಗಿ ಬಳಸಬಾರದು ಎಂದು ಕಾಂಟ್ ಹೇಳಿದ್ದು ಮಕ್ಕಳಿಗೆ ಎಲ್ಲರಿಗಿಂತ ಮೊದಲು ಅನ್ವಯಿಸಬೇಕು. ನಾವು ಪಿತೃಋಣ ಎನ್ನುವಾಗ ಯಾವಾಗಲೂ ಮಕ್ಕಳು ಹೆತ್ತವರಿಗೆ ತೀರಿಸಬೇಕಾದ ಸಾಲವನ್ನೇ ನೆನೆಯುತ್ತೇವೆ. ಜೈಲಿನ ಭೇಟಿಯಲ್ಲಿ ಸಾಲಗಾರ ಒಳಗಿರುವವನು. ಹುಟ್ಟಿಸಿದ ಮಗುವಿಗೆ ತನ್ನ ಮುಖ, ದನಿ, ತನ್ನ ಬಗೆಗಿನ ಸತ್ಯ ಇಷ್ಟನ್ನಾದರೂ ಕೊಡುವ ಸಾಲ ಅವನ ಮೇಲಿದೆ. ಜೈಲು ಅವನ ಸ್ವಾತಂತ್ರ್ಯ ಕಸಿದಿರಬಹುದು, ಈ ಸಾಲವನ್ನು ಮನ್ನಾ ಮಾಡಿಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಒಂಬತ್ತನೆಯ ವಿಧಿ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. ಹೆತ್ತವರಿಂದ ಬೇರ್ಪಟ್ಟ ಮಗುವಿಗೆ ಅವರೊಡನೆ ನಿಯಮಿತವಾಗಿ ಸಂಪರ್ಕದಲ್ಲಿರುವ ಹಕ್ಕಿದೆ, ಮಗುವಿನ ಹಿತಕ್ಕೆ ಅದು ವಿರುದ್ಧವಾದರೆ ಮಾತ್ರ ಇಲ್ಲ. ಹಕ್ಕು ಮಗುವಿನದು, ಕೈದಿಯದಲ್ಲ.

ಹಕ್ಕು ಮಗುವಿನದು ಎಂದು ಒಪ್ಪಿದ ಕೂಡಲೇ ಭೇಟಿ ಹೇಗಿರಬೇಕು ಎಂಬ ಪ್ರಶ್ನೆ ಮುಂದೆ ಬರುತ್ತದೆ, ಇಲ್ಲಿ ‘ಬ್ಯಾಡ’ ಎನ್ನುವ ಅಜ್ಜಿಯರ ಮಾತಿನಲ್ಲೂ ತಿರುಳಿದೆ. ಜಾಳಿಗೆಯೋ ಗಾಜೋ ನಡುವೆ ಇರುವ, ಹತ್ತಾರು ಜನ ಒಟ್ಟಿಗೆ ಕೂಗಾಡುವ ಕಡೆ ಎಂಟು ತಿಂಗಳ ಕೂಸಿಗೆ ಅಪ್ಪ ಸಿಗುವುದಿಲ್ಲ, ಗದ್ದಲ ಸಿಗುತ್ತದೆ. ಆ ವಯಸ್ಸಿನ ಕೂಸು ಮನುಷ್ಯರನ್ನು ಗುರುತು ಹಿಡಿಯುವುದು ಬರಿಯ ಮುಖದಿಂದಲ್ಲ, ಮೈಯ ವಾಸನೆ, ಎತ್ತಿಕೊಂಡ ತೋಳು, ಹತ್ತಿರದ ದನಿಗಳಿಂದಲೂ. ಮೊಬೈಲ್ ಪರದೆಯ ಮೇಲಿನ ಇ-ಮುಲಾಖತ್ ಹತ್ತು ವರ್ಷದ ಹುಡುಗಿಗೆ ದೊಡ್ಡ ಉಪಕಾರ, ಕೂಸಿಗೆ ಅದರಿಂದ ಹೆಚ್ಚೇನೂ ಇಲ್ಲ. ಭೇಟಿ ಅಪರೂಪವಾದಷ್ಟೂ ಕೂಸಿಗೆ ಅಪ್ಪ ಹೊರಗಿನವನಾಗುತ್ತಾನೆ. ಎಂಟೊಂಬತ್ತು ತಿಂಗಳಿಗೆ ಎಷ್ಟೋ ಮಕ್ಕಳು ಹೊಸಮುಖ ಕಂಡರೆ ಅಳುತ್ತವೆ. ಒಮ್ಮೆ ಒಯ್ದು, ಅದು ಅಪ್ಪನನ್ನು ಕಂಡು ಅತ್ತಿತೆಂದು ‘ನೋಡ್ರಿ, ಕೂಸಿಗೂ ಗೊತ್ತಾಗೇತಿ’ ಎಂದು ಒಯ್ಯುವುದನ್ನು ನಿಲ್ಲಿಸಿದರೆ, ಅಳುವಿನ ಕಾರಣವನ್ನೇ ಮದ್ದೆಂದು ಕುಡಿಸಿದಂತೆ. ಅಮೆರಿಕದ ಸಂಶೋಧಕಿ ಜೂಲಿ ಪೋಲ್ಮನ್ ಮತ್ತು ಸಂಗಡಿಗರು 2010ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಸಿಕ್ಕ ಉತ್ತರ ಹೀಗೇ ಎರಡು ಬಗೆಯದು. ಮುಟ್ಟಲು ಬಿಡದ, ಮಕ್ಕಳಿಗೆಂದು ಏನೂ ಅಣಿಮಾಡದ ಕಡೆ ಭೇಟಿಯಿಂದ ಮಕ್ಕಳು ಕಂಗೆಟ್ಟಿದ್ದಾರೆ, ತಯಾರಿ ಮಾಡಿ ಮಕ್ಕಳಿಗೆ ಹೊಂದುವಂತೆ ನಡೆಸಿದ ಕಡೆ ಅನುಕೂಲವಾಗಿದೆ. ಪಕ್ಕದ ಮಹಾರಾಷ್ಟ್ರದ ಯರವಡಾ, ನಾಗಪುರ ಮೊದಲಾದ ಜೈಲುಗಳಲ್ಲಿ ಕಳೆದ ದಶಕದಲ್ಲಿ ‘ಗಳಾಭೇಟ್’ ಎಂದು ಶುರುವಾದದ್ದು ಈ ದಿಕ್ಕಿನ ಹೆಜ್ಜೆ. ಜಾಳಿಗೆ ಇಲ್ಲದೆ ಮಕ್ಕಳು ಕೈದಿಯ ಕೊರಳು ತಬ್ಬಿ ಒಂದಿಷ್ಟು ಹೊತ್ತು ಕೂರಬಹುದು. ಮಹಿಳಾ ಕೈದಿಗಳ ಕುರಿತ 2010ರ ಬ್ಯಾಂಕಾಕ್ ನಿಯಮಗಳು ತಾಯಿ-ಮಗುವಿನ ಭೇಟಿ ತೆರೆದ ವಾತಾವರಣದಲ್ಲಿರಬೇಕು, ಮಕ್ಕಳ ತಪಾಸಣೆ ಮಾಡುವವರಿಗೆ ಸೂಕ್ಷ್ಮ ಇರಬೇಕು ಎನ್ನುತ್ತವೆ. ಅಂದರೆ ಅಜ್ಜಿಯ ಅಂಜಿಕೆಗೆ ಉತ್ತರ ಮಗುವನ್ನು ಮನೆಯಲ್ಲಿ ಬಿಡುವುದರಲ್ಲಿಲ್ಲ, ಜೈಲಿನ ಆ ಕೋಣೆಯನ್ನು ಬದಲಿಸುವುದರಲ್ಲಿದೆ. ಬದಲಾಗುವ ತನಕ ನಾನಾದರೆ ನಡೆಯುವ, ಮಾತಾಡುವ ಮಗುವನ್ನು ಒಯ್ಯಿರಿ ಎಂದೇನೆ. ಹಸುಗೂಸನ್ನು ಗಾಜಿನ ಮುಂದೆ ಹಿಡಿದು ನಿಲ್ಲುವುದರಿಂದ ಕೂಸಿಗೆ ದಕ್ಕುವುದು ಕಡಿಮೆ ಎಂಬುದನ್ನು ಮುಚ್ಚಿಡಲಾರೆ.

ಜೈಲು ಕಂಡು ರೂಢಿಯಾದರೆ ಮಗುವಿಗೆ ಅಂಜಿಕೆ ಹೋಗುತ್ತದೆ, ನಾಳೆ ಅದೂ ಅದೇ ದಾರಿ ಹಿಡಿಯುತ್ತದೆ ಎಂಬ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಪೊಲೀಸಪ್ಪ ಬರ್ತಾನ ಎಂದು ಹೆದರಿಸಿ ಉಣ್ಣಿಸಿದ ಮಕ್ಕಳೆಲ್ಲ ಸತ್ಯಸಂಧರಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆ, ಉರಿಲಿಂಗಪೆದ್ದಿಯಂಥವರು ಹಿಂದೆ ಕಳ್ಳರಾಗಿದ್ದರೆಂದು ಪರಂಪರೆ ಹೇಳುತ್ತದೆ. ಅವರು ತಿರುಗಿದ್ದು ಜೈಲಿನ ಅಂಜಿಕೆಯಿಂದ ಎಂದು ಮಾತ್ರ ಯಾರೂ ಹೇಳಿಲ್ಲ.

ತೂಕದ ತಕರಾರು ಬೇರೆ ಇದೆ. ಕೊಲೆಯಾದವನಿಗೂ ಮಕ್ಕಳಿರುತ್ತಾರೆ. ಕೊಂದವನ ಮಗು ಹಿಂಡಲಗಾಕ್ಕೆ ಹೋಗಿ ಅಪ್ಪನ ಮುಖ ನೋಡಿ ಬರುತ್ತದೆ, ಸತ್ತವನ ಮಗು ಎಲ್ಲಿಗೆ ಹೋಗಬೇಕು? ಒಂದೇ ಓಣಿಯ ಎರಡು ಮನೆಗಳಲ್ಲಿ ಈ ಪ್ರಶ್ನೆ ದಿನವೂ ಎದುರುಬದುರು ಕೂತಿರುತ್ತದೆ. ಇದಕ್ಕೆ ಸಮಾಧಾನವಾಗುವ ಉತ್ತರ ನನ್ನ ಬಳಿ ಇಲ್ಲ, ಇದೆ ಎನ್ನುವವರನ್ನು ನಾನು ನಂಬುವುದಿಲ್ಲ. ಹೇಳಬಹುದಾದದ್ದು ಇಷ್ಟು: ಒಂದು ಮಗುವಿನಿಂದ ಕಿತ್ತುಕೊಂಡದ್ದು ಇನ್ನೊಂದು ಮಗುವಿನಿಂದ ಕಿತ್ತುಕೊಳ್ಳುವುದರಿಂದ ಮರಳಿ ಬರುವುದಿಲ್ಲ. ಸತ್ತವನ ಮಗುವಿಗೆ ಸಮಾಜ ಕೊಡಬೇಕಾದದ್ದು ದೊಡ್ಡದು. ಪರಿಹಾರ, ಓದು, ಬೇಗ ಮುಗಿಯುವ ಖಟ್ಲೆ, ಇವನ್ನು ಕೊಡದೆ ಕೈದಿಯ ಮಗುವಿನ ಭೇಟಿಯನ್ನು ತಡೆದು ನ್ಯಾಯ ಮಾಡಿದೆವೆಂದುಕೊಳ್ಳುವುದು ನಮ್ಮ ಹೊಣೆಯನ್ನು ಇನ್ನೊಂದು ಮಗುವಿನ ತಲೆಗೆ ಕಟ್ಟುವುದೇ ಆಗುತ್ತದೆ. ಇನ್ನು ತಾಯಿಯನ್ನು ಕೊಂದು ಒಳಗೆ ಹೋದ ತಂದೆ, ಮಗುವಿನ ಮೈಮೇಲೇ ಕೈಮಾಡಿದ ತಂದೆ. ಇಲ್ಲಿ ನನ್ನ ವಾದವೇ ತಿರುಗಿ ನಿಲ್ಲುತ್ತದೆ, ಹಾಗೆ ತಿರುಗಬೇಕು ಕೂಡ. ಭೇಟಿ ಮಗುವಿನ ಹಕ್ಕೆಂದ ಮೇಲೆ ಬೇಡ ಎನ್ನುವುದೂ ಅದರ ಹಕ್ಕು. ‘ಎಷ್ಟಂದರೂ ನಿನ್ನ ಅಪ್ಪ, ಹೋಗಿ ಕಾಲಿಗೆ ಬೀಳು’ ಎಂದು ದೂಡಿಕೊಂಡು ಹೋಗುವ ನೆಂಟರು ಆ ಮಗುವಿಗೆ ಎರಡನೆಯ ಸಲ ಹಿಂಸೆ ಮಾಡುತ್ತಾರೆ. ಪರಶುರಾಮ ತಾನಾಗಿ ವರ ಕೇಳಿದ, ಯಾರೂ ಬಾಯಿಗೆ ಮಾತು ತುರುಕಿ ಕೇಳಿಸಲಿಲ್ಲ. ಕ್ಷಮೆ ದೊಡ್ಡ ಗುಣವೆಂದು ಎಲ್ಲ ಮತಗಳೂ ಹೇಳುತ್ತವೆ, ಅದನ್ನು ಏಳು ವರ್ಷದ ಹುಡುಗನಿಂದ ವಸೂಲು ಮಾಡಿ ಎಂದು ಯಾವ ಮತವೂ ಹೇಳಿಲ್ಲ.

ಈ ವಿಷಯದಲ್ಲಿ ನಮ್ಮ ನ್ಯಾಯಾಲಯ ನಮ್ಮ ಮನೆಗಳಿಗಿಂತ ಮುಂದಿದೆ. ಆರ್. ಡಿ. ಉಪಾಧ್ಯಾಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರ ಏಪ್ರಿಲ್ 13ರಂದು ಕೊಟ್ಟ ತೀರ್ಪಿನಲ್ಲಿ, ಕೈದಿ ತಾಯಿಯ ಜೊತೆ ಮಗು ಆರು ವರ್ಷದವರೆಗೆ ಇರಬಹುದು ಎಂದಿತು. ಸೆರೆಯಲ್ಲಿ ಹುಟ್ಟಿದ ಮಗುವಿನ ಜನನ ದಾಖಲೆಯಲ್ಲಿ ಜೈಲಿನ ಹೆಸರು ಬರಕೂಡದು, ಆ ಬಡಾವಣೆಯ ಹೆಸರಷ್ಟೇ ಬರಬೇಕು ಎಂದಿತು. ಅಂಟದ ಪಾಪವನ್ನು ಜನ ಹೇಗೆ ಅಂಟಿಸುತ್ತಾರೆ ಎಂಬುದು ನ್ಯಾಯಮೂರ್ತಿಗಳಿಗೆ ಗೊತ್ತಿತ್ತು. ಅದಕ್ಕಿಂತ ಮುಖ್ಯವಾದದ್ದು, ಆರು ವರ್ಷ ದಾಟಿ ಸಮಾಜ ಕಲ್ಯಾಣ ಇಲಾಖೆಯ ಆಶ್ರಯಕ್ಕೆ ಹೋದ ಮಗು ವಾರಕ್ಕೆ ಒಮ್ಮೆಯಾದರೂ ತಾಯಿಯನ್ನು ಕಾಣಬೇಕು, ಗೊತ್ತುಪಡಿಸಿದ ದಿನ ಮಗುವನ್ನು ಜೈಲಿಗೆ ಕರೆತರುವುದು ಇಲಾಖೆಯ ಹೊಣೆ ಎಂಬ ಆದೇಶ. ಮಗುವನ್ನು ಜೈಲಿಗೆ ಒಯ್ಯಬಾರದು ಎಂದು ಊರು ಹೇಳುತ್ತಿದ್ದಾಗ, ವಾರವಾರ ಒಯ್ಯದಿರುವುದು ತಪ್ಪು ಎಂದು ದೇಶದ ದೊಡ್ಡ ನ್ಯಾಯಾಲಯ ಹೇಳಿದೆ. ಆದರೆ ಆ ಮಾತು ತಾಯಂದಿರಿಗಷ್ಟೇ ಸಂಬಂಧಿಸಿದ್ದು. ಕೈದಿಗಳಲ್ಲಿ ಹೆಂಗಸರು ನೂರಕ್ಕೆ ನಾಲ್ಕರಷ್ಟು. ಮಿಕ್ಕವರ ಮಕ್ಕಳ ಪಾಲಿಗೆ ಇಲಾಖೆ ಎಂದರೆ ಅಜ್ಜಿ, ಇಲ್ಲವೆ ಕೂಲಿ ಬಿಟ್ಟು ಬಸ್ಸು ಹತ್ತುವ ಅವ್ವ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೋ ಮಕ್ಕಳ ರಕ್ಷಣಾ ಘಟಕವೋ ತಿಂಗಳಿಗೊಮ್ಮೆ ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರುಗಳಿಂದ ಒಂದು ಬಸ್ಸು ಹೊರಡಿಸಿ, ಹಿಂಡಲಗಾದಲ್ಲಿ ಜಾಳಿಗೆ ಇಲ್ಲದ ಒಂದು ಕೋಣೆ ತೆರೆದರೆ ಆಗುವ ಖರ್ಚು ದೊಡ್ಡದಲ್ಲ. ತಾಯಿಗೆ ಅನ್ವಯಿಸಿದ ನ್ಯಾಯವನ್ನು ತಂದೆಯ ಮಗುವಿಗೂ ಕೊಡಿ ಎಂದು ಕೇಳಲು ಹೊಸ ಧರ್ಮಶಾಸ್ತ್ರವೂ ಬೇಕಿಲ್ಲ, ಒಂದು ಅರ್ಜಿ ಸಾಕು.